ಮದುವೆಗಳ ಬೀಜ ಕಾಯುವ ಫೌಝಿಯಾ

ಬೆಳಗಿನ ನಮಾಝ್ ಮುಗಿದಿದೆ. ನೆಲ್ಯಾಡಿಯ ಹೆದ್ದಾರಿಯಲ್ಲಿ ಬೆಂಗಳೂರು ಕಡೆಯ ಬಸ್ಸುಗಳು ಒಂದರ ಹಿಂದೊಂದು ಘಟ್ಟ ಇಳಿದು ಬರುತ್ತಿವೆ. ಫೌಝಿಯಾ ಜಗಲಿಯಲ್ಲಿ ಕುಳಿತು ಹಳೆಯ ವಿಡಿಯೊ ಕ್ಯಾಸೆಟ್ಟೊಂದರ ಬಾಯಿ ತೆರೆದು, ಟೇಪಿಗೆ ಹಿಡಿದ ಬಿಳಿ ಬೂಷ್ಟನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದಾರೆ. ಗಾಲಿಯನ್ನು ಕಿರುಬೆರಳಿನಲ್ಲಿ ತಿರುಗಿಸುತ್ತಾರೆ, ಒರೆಸುತ್ತಾರೆ, ಮತ್ತೆ ತಿರುಗಿಸುತ್ತಾರೆ. ಚಹಾ ಆರಿದರೂ ಅವರಿಗೆ ಪರಿವೆಯಿಲ್ಲ.

‘ಗಡಿಬಿಡಿ ಮಾಡಿದ್ರೆ ಮದುಮಗನ ಮೂಗೇ ಹೋಗ್ತದೆ’ ಎನ್ನುತ್ತಾರೆ ತಲೆ ಎತ್ತದೆ.

ಪುತ್ತೂರು, ಸುಳ್ಯ, ಕಡಬ ಕಡೆ ಒಂದು ಕಾಲದಲ್ಲಿ ಮದುವೆ ಎಂದರೆ ಪುರೋಹಿತರಿಗಿಂತ ಮೊದಲು ನೆನಪಾಗುತ್ತಿದ್ದವರು ಫೌಝಿಯಾರ ಉಪ್ಪ, ಅಂದರೆ ತಂದೆ, ಮೂಸಕುಂಞಿ. ಹೆಗಲಲ್ಲಿ ಮಣಭಾರದ ಕ್ಯಾಮೆರಾ, ಹಿಂದೆ ವಯರ್ ಎಳೆದುಕೊಂಡು ಬರುವ ದೊಡ್ಡ ಲೈಟು. ಆ ಲೈಟು ಹತ್ತಿತೆಂದರೆ ಚಪ್ಪರದಲ್ಲಿದ್ದ ಹೆಂಗಸರೆಲ್ಲ ಸೆರಗು ಸರಿಮಾಡಿಕೊಳ್ಳುತ್ತಿದ್ದರು! ಆಮೇಲೆ ವಾರಗಟ್ಟಲೆ ಆ ಕ್ಯಾಸೆಟ್ಟಿನದೇ ಸಂಭ್ರಮ. ನೆರೆಕರೆಯವರೆಲ್ಲ ಬಂದು ಕೂತು, ಊಟದ ಪಂಕ್ತಿಯಲ್ಲಿ ತಮ್ಮ ಮುಖ ಬಂದಾಗ ‘ಅಯ್ಯೋ, ನಾನು!’ ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದ ದಿನಗಳು ಅವು. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ಕೂತು ನೋಡುವವರಿಲ್ಲ.

ತಂದೆ ತೀರಿದ ಮೇಲೆ ಫೌಝಿಯಾ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಹಿಡಿದರು. ದಿನಕ್ಕೆ ಹೆಚ್ಚೆಂದರೆ ಎರಡು ಮದುವೆ. ಬೇಕೆಂದವರ ಮನೆಯಲ್ಲಿ ಸಣ್ಣ ಸರ್ವರ್ ಒಂದನ್ನೂ ಕೂರಿಸಿಕೊಡುತ್ತಾರೆ. ಟಿವಿಯಲ್ಲಾಗಲಿ ಮೊಬೈಲಿನಲ್ಲಾಗಲಿ, ಮನೆಮಂದಿ ತಮ್ಮ ವಿಡಿಯೊಗಳನ್ನು ಬೇಕಾದಾಗ ನೋಡಬಹುದಾದ ಪೆಟ್ಟಿಗೆ ಅದು. ಅದರೊಳಗೆ ಎಂಥ ಹಾರ್ಡ್ ಡಿಸ್ಕ್, ಎಷ್ಟು ಹಾಕಬೇಕು ಎಂಬಲ್ಲಿಗೆ ಬಂದಾಗಲೇ ಜಗಳ ಶುರು.

ಈಶ್ವರಮಂಗಲದ ಮಹೇಶ್ವರ ಭಟ್ಟರದ್ದು ದೊಡ್ಡ ಜಗಳ. ಅವರ ಪತ್ನಿ ಈಶ್ವರಿ ತೀರಿಕೊಂಡಿದ್ದಾರೆ. ಅವರ ನಗು ಉಳಿದಿರುವುದು ಮದುವೆಯ ಕ್ಯಾಸೆಟ್ಟಿನಲ್ಲಿ ಮಾತ್ರ. ಆ ಕ್ಯಾಸೆಟ್ಟು ಕಂಪ್ಯೂಟರಿಗೆ ಇಳಿಸುವಾಗ ಒಮ್ಮೆ ಓಡಿ, ಎರಡನೇ ಸಲಕ್ಕೆ ತುಂಡಾಗಿ ಹೋಯಿತು. ಹಾಗಾಗಿ ಫೌಝಿಯಾ ಪೆಟ್ಟಿಗೆಯೊಳಗೆ ಒಂದರ ಪಡಿಯಚ್ಚಾಗಿ ಇನ್ನೊಂದು, ಹೀಗೆ ಎರಡು ಡಿಸ್ಕ್ ಹಾಕಿದರು. ಮೂರನೆಯದನ್ನು ನೆಲ್ಯಾಡಿಯ ನನ್ನ ಇನ್ನೊಬ್ಬ ಗಿರಾಕಿ ಏಲಿಯಮ್ಮನ ಬೀರುವಿನಲ್ಲಿ ಇಡುತ್ತೇನೆ, ಏಲಿಯಮ್ಮನ ಮನೆಯ ಡಿಸ್ಕ್ ನಿಮ್ಮ ಬೀರುವಿನಲ್ಲಿರಲಿ ಎಂದರು. ಫೌಝಿಯಾರ ಕ್ರಮವೇ ಅದು.

ಭಟ್ಟರು ಸಿಟ್ಟಾದರು. ‘ಎರಡು ಉಂಟಲ್ಲ ಮಾರಾಯ್ತಿ, ಮತ್ತೆಂತಕ್ಕೆ? ನಮ್ಮ ಮದುವೆ ಯಾರದ್ದೋ ಬೀರುವಿನಲ್ಲಿ ಕೂರುದಾ?’

‘ಭಟ್ರೆ, ಒಂದೇ ಪೆಟ್ಟಿಗೆಯಲ್ಲಿ ಎರಡಿದ್ರೆ ಅದು ಒಂದೇ ಲೆಕ್ಕ. ಹೋದ ವರ್ಷ ನಿಮ್ಮ ಅಲಸಂಡೆ ಬೀಜಕ್ಕೆ ಹುಳ ಬಿತ್ತಲ್ಲ, ಮತ್ತೆ ಬೀಜ ಎಲ್ಲಿಂದ ತಂದ್ರಿ?’

ಭಟ್ಟರು ಗೊಣಗಿದರು. ಬೀಜ ನೆರೆಮನೆಯಿಂದಲೇ ಬಂದದ್ದು. ತಾವೇ ಹಿಂದೆ ಅವರಿಗೆ ಕೊಟ್ಟಿದ್ದ ತಳಿ. ಊರಲ್ಲಿ ಒಳ್ಳೆಯ ಬೀಜವನ್ನು ಒಬ್ಬರೇ ಇಟ್ಟುಕೊಳ್ಳುವವರುಂಟೇ? ‘ಬೀಗ ಹಾಕಿ ಕೊಡು’ ಎಂದು ಕೊನೆಗೆ ಒಪ್ಪಿದರು.

ಬೀಗ, ಅಂದರೆ ಪಾಸ್‌ವರ್ಡ್, ಫೌಝಿಯಾ ಎಂದೂ ತಪ್ಪಿಸಿದವರಲ್ಲ. ಒಬ್ಬರ ಮನೆಯ ಮದುವೆ ಇನ್ನೊಬ್ಬರ ಮನೆಯಲ್ಲಿ ಓಡಬಾರದು ಎಂಬುದು ತಂದೆ ಹಾಕಿಕೊಟ್ಟ ಕಟ್ಟಳೆ. ಕೆಲಸ ಮುಗಿದೊಡನೆ ತಮ್ಮ ಕಂಪ್ಯೂಟರಿನಿಂದಲೂ ಅಳಿಸಿಬಿಡುತ್ತಾರೆ. ಭಟ್ಟರ ಮದುವೆಯನ್ನು ಮಾತ್ರ ಅಳಿಸುವ ಮೊದಲು ಇನ್ನೊಮ್ಮೆ ಹಾಕಿ ಕೇಳಿದರಂತೆ. ಜೀವನವಿಡೀ ಕ್ಯಾಮೆರಾದ ಹಿಂದೆಯೇ ನಿಂತ ಮೂಸಕುಂಞಿಯ ಒಂದು ಫೋಟೊ ಇದೆ, ಸ್ವರ ಎಲ್ಲೂ ಇಲ್ಲ. ಈ ಒಂದು ಮದುವೆಯಲ್ಲಿ, ಮುಖ ಬಿಗಿದು ನಿಂತ ಮದುಮಗಳು ಈಶ್ವರಿಗೆ ಅವರು ಹೇಳಿದ ಒಂದು ಮಾತು ಟೇಪಿಗೆ ಹತ್ತಿಕೊಂಡಿತ್ತು. ಫೌಝಿಯಾ ಅದನ್ನು ಯಾರಿಗೂ ಹೇಳಲಿಲ್ಲ, ಪ್ರತಿಯನ್ನೂ ಕೇಳಲಿಲ್ಲ.

ಆ ವರ್ಷ, ಮಳೆಗಾಲ ಕಳೆದ ಮೇಲೆ ಬರುವ ತುಲಾ ತಿಂಗಳ ಗುಡುಗು ಮಧ್ಯಾಹ್ನವೇ ಸುರುವಾಯಿತು. ಗುಡುಗಿತೆಂದರೆ ಇಲ್ಲಿ ಊಟಕ್ಕೆ ಕೂತವರೂ ಎಂಜಲು ಕೈಯಲ್ಲೇ ಎದ್ದು ಓಡುತ್ತಾರೆ. ಭಟ್ಟರೂ ಓಡಿದರು. ಟಿವಿಯ ಪ್ಲಗ್ ಕಿತ್ತರು, ಡಿಶ್ಶಿನ ವಯರ್ ಬಿಡಿಸಿದರು, ಸರ್ವರಿನ ಪ್ಲಗ್ಗನ್ನೂ ಮರೆಯದೆ ತೆಗೆದರು. ಇಂಟರ್‌ನೆಟ್ಟಿಗೆಂದು ಸರ್ವರಿನವರೆಗೆ ಎಳೆದಿದ್ದ ಟೆಲಿಫೋನ್ ವಯರ್ ಮಾತ್ರ ಹಾಗೇ ಉಳಿಯಿತು. ಸಿಡಿಲು ಆ ದಾರಿಯಲ್ಲೇ ಒಳಗೆ ಬಂತು. ಪೆಟ್ಟಿಗೆ ಕರಟಿತು, ಎರಡು ಡಿಸ್ಕೂ ಹೋದವು.

‘ಫೌಝಿಯಾ, ಅವಳು ಹೋದಳು’ ಎಂದಷ್ಟೇ ಹೇಳಿ ಭಟ್ಟರು ಫೋನಿನಲ್ಲಿ ಅತ್ತುಬಿಟ್ಟರು.

ಮರುದಿನ ಬೆಳಿಗ್ಗೆ ಫೌಝಿಯಾ ಏಲಿಯಮ್ಮನ ಮನೆಗೆ ಓಡಿದರು. ‘ಭಟ್ಟರ ಮದುವೆ ಅಲ್ವಾ? ನನ್ನ ಸೀರೆಗಳ ನಡುವೆ ಬೆಚ್ಚಗೆ ಉಂಟು’ ಎಂದು ಆ ತಾಯಿ ಡಿಸ್ಕ್ ತೆಗೆದು ಕೊಟ್ಟರು. ಈಶ್ವರಮಂಗಲದವರೆಗೆ ಫೌಝಿಯಾ ಅದನ್ನು ಮಡಿಲಲ್ಲಿಟ್ಟುಕೊಂಡೇ ಬಸ್ಸಿನಲ್ಲಿ ಕೂತಿದ್ದರಂತೆ. ಮಳೆಗಾಲವಿಡೀ ತಿರುಗದೆ ಬಿದ್ದಿದ್ದ ಡಿಸ್ಕದು. ಓಡದಿದ್ದರೆ? ‘ನನ್ನ ಜೀವ ಬಾಯಿಗೆ ಬಂದಿತ್ತು. ಭಟ್ಟರ ಹೆಂಡತಿ, ನನ್ನ ಉಪ್ಪ, ಇಬ್ಬರೂ ಅದರಲ್ಲೇ ಅಲ್ವಾ?’

ಓಡಿತು. ಟಿವಿಯಲ್ಲಿ ಚಪ್ಪರ ಬಂತು, ತಲೆ ತಗ್ಗಿಸಿದ ಮದುಮಗಳು ಬಂದಳು. ಕ್ಯಾಮೆರಾದ ಹಿಂದಿನಿಂದ ಒಂದು ದಪ್ಪ ಸ್ವರ: ‘ಸ್ವಲ್ಪ ನೆಗಾಡಿ ಅಕ್ಕಾ, ಇದು ಪರೀಕ್ಷೆ ಅಲ್ಲ ಮಾರಾಯ್ರೆ!’ ಈಶ್ವರಿ ಕಿಸಕ್ಕನೆ ನಕ್ಕರು. ಭಟ್ಟರು ಕಣ್ಣೊರೆಸಿಕೊಂಡು ಪಕ್ಕಕ್ಕೆ ನೋಡಿದರೆ, ಫೌಝಿಯಾ ತಮಗಿಂತ ಹೆಚ್ಚು ಅಳುತ್ತಿದ್ದಾರೆ. ಭಟ್ಟರಿಗೆ ಆಗ ಹೊಳೆಯಿತು.

‘ಅದು ನಿನ್ನ ಅಪ್ಪನ ಸ್ವರ ಅಲ್ವಾ? ಇಷ್ಟು ದಿನ ಬಾಯಿ ಬಿಡ್ಲಿಲ್ಲ ನೀನು! ಒಂದು ಪ್ರತಿ ನಿನ್ನ ಮನೆಯಲ್ಲಿ ಇಟ್ಕೋ. ಬೀಗ ಗೀಗ ಎಂತದೂ ಬೇಡ.’

ತಂದೆಯ ಕಟ್ಟಳೆಯನ್ನು ಫೌಝಿಯಾ ಮುರಿದದ್ದು ಅದೊಂದೇ ಸಲ, ಅದೂ ಮನೆಯವರ ಒಪ್ಪಿಗೆಯಿಂದ. ಈಗಲೂ ಪ್ರತಿ ಹೊಸ ಮನೆಯಲ್ಲಿ ಮೂರನೇ ಡಿಸ್ಕಿಗಾಗಿ ಜಗಳವಾಡುತ್ತಾರೆ. ಗೆಲ್ಲುವುದು ಅವರೇ. ತಮ್ಮ ಕೆಲಸದ ಬಗ್ಗೆ ಕೇಳಿದರೆ, ಒರೆಸಿ ಮುಗಿದ ಕ್ಯಾಸೆಟ್ಟಿಗೆ ಮುಚ್ಚಳ ಹಾಕುತ್ತಾ ಇಷ್ಟೇ ಹೇಳುತ್ತಾರೆ:

‘ಉಪ್ಪ ಊರಿನ ಮದುಮಕ್ಕಳನ್ನೆಲ್ಲ ನೆಗಾಡಿಸಿದವರು. ನನ್ನ ಮಕ್ಕಳು ಅವರನ್ನು ನೋಡಿದ್ದೇ ಇಲ್ಲ. ಮೊನ್ನೆ ಭಟ್ಟರ ಮದುವೆ ಹಾಕಿದಾಗ ಆ ಮಕ್ಕಳನ್ನೂ ನೆಗಾಡಿಸಿದರು.’