ಗುಡ್ಡದ ನೆತ್ತಿಗೆ ಎಳೆದ ಮೊದಲ ಗೆರೆ

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಒಂದು ತಟ್ಟೆ ಮಂಡಕ್ಕಿ ಸುಸ್ಲಾ, ಎರಡು ಮಿರ್ಚಿ ತಿಂದು ಬಸವಕಲ್ಯಾಣದ ಬಸ್ಸು ಹತ್ತಿದಾಗ ಬೆಳಿಗ್ಗೆ ಎಂಟು. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಸೀಟು ಮಾತ್ರ ಜಗಳವಾಡಿ ಗಿಟ್ಟಿಸಬೇಕು. ಗಿಟ್ಟಿಸಿದೆ.

ಮರುದಿನ ನಿರ್ಣಾ ಹತ್ತಿರದ ನಮ್ಮ ಹಳ್ಳಿಯಲ್ಲಿ ಜಲಾನಯನ ಯೋಜನೆಯ ಸಭೆ. ಕೆಲಸ ಗುಡ್ಡದ ನೆತ್ತಿಯಿಂದ ಆರಂಭವಾಗಬೇಕೆಂದು ಎಂಜಿನಿಯರ್ ಹೇಳಿದ್ದರು. ಆ ನೆತ್ತಿಯ ಹೊಲ ನನ್ನ ವಾರಗಿತ್ತಿ ಸುಶೀಲಾಳದ್ದು. ಮೂರು ವರ್ಷದಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಕೆಳಗಿನ ನನ್ನ ಬಾವಿ ಪ್ರತಿ ಬೇಸಿಗೆ ಬತ್ತುತ್ತಿತ್ತು. ಅದರ ಪಕ್ಕದ ಹಳ್ಳಕ್ಕೇ ಮೊದಲ ಚೆಕ್ ಡ್ಯಾಂ ಬೀಳಬೇಕೆಂದು ಹಟ ಹಿಡಿದಿದ್ದೆ. ಅಂಥದ್ದೊಂದನ್ನು ನೋಡಿಬಂದು ಎಲ್ಲರ ಬಾಯಿ ಮುಚ್ಚಿಸಬೇಕೆಂದೇ ಹೊರಟಿದ್ದು.

ಬಸವಕಲ್ಯಾಣಕ್ಕೆ ಒಂದು ತಾಸು. ಅಲ್ಲಿಂದ ಆಟೋದಲ್ಲಿ ಮೋರಖಂಡಿ ದಾಟಿ ಕಮಲಾಬಾಯಿಯ ಹೊಲ ಮುಟ್ಟಿದೆ. ಕುರಿ ಸಾಕುವ ಆಕೆ ನನಗೆ ದೂರದ ಅಕ್ಕ, ಮಾತಿನಲ್ಲಿ ನನಗಿಂತ ಒಂದು ಕೈ ಮೇಲು. ರೊಟ್ಟಿ, ಪುಂಡಿಪಲ್ಯ ಉಣಿಸಿ ಹಳ್ಳಕ್ಕೆ ಕರೆದೊಯ್ದಳು. ಡ್ಯಾಂ ಇತ್ತು, ನೀರಿರಲಿಲ್ಲ. ಗೋಡೆಯ ಅಂಚಿನತನಕ ಕೆಂಪು ಮಣ್ಣು ತುಂಬಿ ಜಾಲಿ ಬೆಳೆದಿತ್ತು.

“ಅಯ್ಯ, ಇದ್ಯಾಕ ಹಿಂಗಾತು?”

“ಗುಡ್ಡ ಬಿಟ್ಟು ಪೈಲಾ ತಳಕ್ಕ ಕಟ್ಟಿದೆವಲ್ಲ ತಂಗಿ, ಅದಕ್ಕ. ಗುಡ್ಡ ಬೋಳಿತ್ತು. ಎರಡು ಮಳಿಗಿ ಮಣ್ಣೆಲ್ಲ ಇಳಿದು ಇಲ್ಲಿ ಕುಂತದ. ನನ್ನ ಬಾವಿ ಬಾಜೂಕೇ ಬೇಕಂತ ಹಟ ಮಾಡಿದಾಕಿ ನಾನೇ.”

ನನ್ನ ಮುಖ ಸಪ್ಪಗಾಯಿತು. ಬಿಸಿಲಲ್ಲೇ ಗುಡ್ಡ ಹತ್ತಿಸಿದಳು. ಇಳಿಜಾರಿಗೆ ಅಡ್ಡಲಾಗಿ ಆಮೇಲೆ ತೋಡಿದ ಸಾಲು ಸಾಲು ಗುಂಡಿ, ನಡುವೆ ಮೊಣಕಾಲೆತ್ತರ ಒಣಹುಲ್ಲು, ಸೀತಾಫಲದ ಗಿಡ. ಮಳೆನೀರು ಇಲ್ಲೇ ನಿಂತು ಇಂಗುತ್ತದೆ, ಮಣ್ಣೂ ಜಾರುವುದಿಲ್ಲ.

“ನಿನ್ನ ಕುರಿ?”

“ಹುಲ್ಲು ಬೆಳೀಲಿ ಅಂತ ಎರಡು ವರ್ಷ ಇಲ್ಲಿ ಬಿಡಲಿಲ್ಲ. ಹೊಟ್ಟಿ ಉರೀತು, ಸುಳ್ಯಾಕ ಹೇಳ್ಲಿ? ಈಗ ಇಲ್ಲಿಂದೇ ಹುಲ್ಲು ಕೊಯ್ದು ಹಾಕಾಕತ್ತೇನಿ.”

ಇಳಿದು ಬಂದು ಬಾವಿಗೆ ಕೊಡ ಬಿಟ್ಟಳು. ಏಪ್ರಿಲ್ ತಿಂಗಳು, ಆದರೂ ಕೊಡ ನೀರು ಮುಟ್ಟಿದಾಗ ಹಗ್ಗ ಅರ್ಧ ಅವಳ ಕೈಯಲ್ಲೇ ಉಳಿದಿತ್ತು. ನನಗೆ ಹೊಟ್ಟೆಕಿಚ್ಚೇ ಆಯಿತು. ಸಂಜೆಯ ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡಲೂ ಮನಸ್ಸಾಗಲಿಲ್ಲ.

ಮರುದಿನ ಸಭೆಗೆಂದು ಗುಡಿಯ ಅಂಗಳದಲ್ಲಿ ಹೆಂಗಸರು ರಂಗೋಲಿಯಲ್ಲಿ ಊರಿನ ನಕ್ಷೆ ಬಿಡಿಸಿದ್ದರು. ಹಳ್ಳ, ಹೊಲ, ನನ್ನ ಬಾವಿ, ಎಲ್ಲವೂ ಇತ್ತು. ಮೊದಲ ಕೆಲಸದ ಗೆರೆ ಎಲ್ಲಿ ಎಳೆಯುತ್ತೇನೆಂದು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾವಿ ದಾಟಿ ಹೋಗಿ ಗುಡ್ಡದ ನೆತ್ತಿಗೆ ಮೊದಲ ಗೆರೆ ಎಳೆದೆ.

“ನನ್ನ ಹೊಲದಾಗ ಯಾಕ ಅಕ್ಕಾ?” ಮೂರು ವರ್ಷದ ಮೇಲೆ ಸುಶೀಲಾ ಬಾಯಿ ಬಿಟ್ಟಳು.

“ನನ್ನ ಬಾವಿ ನೀರು ನಿನ್ನ ಹೊಲದಾಗ ಅದವ್ವ,” ಎಂದು ರಂಗೋಲಿ ಬಟ್ಟಲು ಚಾಚಿದೆ.

ಅವಳು ಸೆರಗು ಸಿಕ್ಕಿಸಿ, ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಎರಡನೆಯ ಗೆರೆ ಎಳೆದಳು.