ಚಿತ್ರವಿಲ್ಲದ ರಿಪೇರಿ ಪುಸ್ತಕ

ಬೈಕ್ ರಿಪೇರಿ ಪುಸ್ತಕವನ್ನು ಗಟ್ಟಿಯಾಗಿ ಓದಿಸಿ, ಕಿವಿಯಾರೆ ಕೇಳಿ, ಆಮೇಲೆ ಆರಿಸಿಕೊಂಡವರು ಬೆಂಗಳೂರಿನಲ್ಲಿ ನಮ್ಮಪ್ಪ ಒಬ್ಬರೇ ಇರಬೇಕು.

ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ವಾರವೆಲ್ಲ ಕಡತ, ಭಾನುವಾರ ಬೈಕು. ಕಿಕ್ ಹೊಡೆಯುವ ಲಿವರನ್ನೇ ಗೇರಿಗೂ ಬಳಸುವ, ಎರಡು ಸೈಲೆನ್ಸರಿನ ಹಳೇ ಬೈಕು ಅದು. ಹೆಸರು ಹೇಳಬೇಕಾಗಿಲ್ಲ, ಗೊತ್ತಿದ್ದವರಿಗೆ ಗೊತ್ತಾಗಿರುತ್ತದೆ. ಬಸವೇಶ್ವರನಗರದ ನಮ್ಮ ಮನೆಯ ಕಾಂಪೌಂಡಿನಲ್ಲಿ ನ್ಯೂಸ್‌ಪೇಪರ್ ಹಾಸಿ, ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಅದರ ಮೇಲೆ ಜೋಡಿಸಿಟ್ಟು, ಸಂಜೆಗೆ ಹಿಂದಿನಿಂದ ಮುಂದಕ್ಕೆ ಹಾಕಿಕೊಂಡು ಬರುತ್ತಿದ್ದರು. ಪುಸ್ತಕ ಗಿಸ್ತಕ ಏನೂ ಬೇಕಾಗುತ್ತಿರಲಿಲ್ಲ. ಪೇಪರಿನ ಹತ್ತಿರ ನಾವು ಸುಳಿದರೆ ಮಾತ್ರ ಕೆಂಡವಾಗುತ್ತಿದ್ದರು. ಅಮ್ಮನಿಗೆ ಆ ಬೈಕನ್ನು ಕಂಡರಾಗದು. ಸೀರೆಯ ಅಂಚು ಚಕ್ರಕ್ಕೆ ಸಿಕ್ಕಿ ಹರಿದ ದಿನದಿಂದ, "ಈ ಶನಿ ಯಾವತ್ತು ಮನೆ ಬಿಟ್ಟು ಹೋಗುತ್ತೋ" ಎನ್ನುವುದು ಅವಳ ಪಲ್ಲವಿ.

ವಯಸ್ಸಾದ ಮೇಲೆ ಅಪ್ಪನ ಕಣ್ಣಿನ ನಡುವಿನ ನೋಟ ಹೋಯಿತು. ಅಂಚಿನಲ್ಲಿರುವುದು ಮಸುಕಾಗಿ ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಎದುರಿಗೆ ನಿಂತವರ ಭುಜ ಇದೆ, ಮುಖ ಇಲ್ಲ. ಡಾಕ್ಟರು ಇನ್ನು ಇಷ್ಟೇ ಅಂದರು. ಆಮೇಲೆ ಅಪ್ಪ ಪಾರ್ಕಿಗೆ ಹೋಗುವುದನ್ನು ಬಿಟ್ಟರು, ಜಗಳ ಆಡುವುದನ್ನು ಬಿಟ್ಟರು, ಸಾರಿಗೆ ಉಪ್ಪು ಕಡಿಮೆ ಅನ್ನುವುದನ್ನೂ ಬಿಟ್ಟರು. ವರಾಂಡದ ಕುರ್ಚಿಯಲ್ಲಿ ಕೂತು, ಏನು ಕೇಳಿದರೂ "ಹೂಂ, ಆಯ್ತು" ಅನ್ನುವ ಮನುಷ್ಯರಾದರು. ಅವರು ಹಾಗೆ ಸಾಧುವಾಗಿದ್ದುದನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ. ಮಹಡಿಯ ಮೇಲೆ ನಮ್ಮ ಸಂಸಾರ, ಕೆಳಗೆ ಅವರದು. ಶಾಲೆಯಲ್ಲಿ ಪಾಠ ಮುಗಿಸಿ ಬಂದವಳು ಗೇಟು ತೆಗೆಯುವಾಗಲೇ ಆ ಕುರ್ಚಿ ಕಾಣುತ್ತಿತ್ತು.

ಅಷ್ಟರಲ್ಲಿ ರಾಜರಾಜೇಶ್ವರಿನಗರದಿಂದ ಒಬ್ಬರು ಬಂದರು. ಹಳೇ ಗಾಡಿಗಳನ್ನು ಕೂಡಿಡುವ ಹುಚ್ಚಿನವರು, ಒಳ್ಳೆಯವರೇ. ಸ್ಟಾರ್ಟ್ ಆಗದೆ ಮೂಲೆಯಲ್ಲಿ ನಿಂತಿದ್ದ ಬೈಕಿನ ಸುತ್ತ ಪ್ರದಕ್ಷಿಣೆ ಹಾಕಿ, ಕೊಡ್ತೀರಾ ಸಾರ್ ಅಂದರು. ಅಪ್ಪ ತಲೆಯನ್ನೂ ಎತ್ತದೆ, "ತಗೊಂಡ್ ಹೋಗಿ, ದಸರಾ ಆಗ್ಲಿ" ಅಂದುಬಿಟ್ಟರು. ಗಾಡಿ ಹೋದರೆ ಹೋಗಲಿ; ಅದರ ಹಿಂದೆ ಅಪ್ಪನೂ ಪೂರ್ತಿ ಹೋಗಿಬಿಡುತ್ತಾರೆ ಎಂದು ಭಯವಾಯಿತು.

"ಕೊಡೋದೇ ಆದ್ರೆ ಸ್ಟಾರ್ಟ್ ಆಗೋ ಗಾಡಿ ಕೊಡೋಣ ಅಪ್ಪಾ. ನೂಕಿಸ್ಕೊಂಡ್ ಕಳ್ಸಿದ್ರೆ ನಿಮ್ಗೇ ಅವಮಾನ," ಅಂದೆ.

"ಕಣ್ಣಿಲ್ದೆ ಏನ್ ಮಾಡ್ಲಿ? ಬಿಚ್ಚಿದ್ದು ಎಲ್ಲಿಟ್ಟೆ ಅಂತಾನೇ ಕಾಣಲ್ಲ."

"ನಾನು ಪುಸ್ತಕ ಓದ್ತೀನಿ, ನೀವು ಮಾಡಿ."

ಅಪ್ಪ "ಯಾವ್ ಪುಸ್ತಕ?" ಅಂದರು. ಬಹಳ ದಿನಗಳ ನಂತರ ಅವರು ಕೇಳಿದ ಮೊದಲ ಪ್ರಶ್ನೆ ಅದು. ಸಾಕಾಯಿತು ನನಗೆ.

ಮೊದಲು ಬಂದದ್ದು ಕಂಪನಿಯ ಮೂಲ ಪುಸ್ತಕದ ಮರುಮುದ್ರಣ. ನಮ್ಮನೆಯವರು ಆನ್‌ಲೈನಿನಲ್ಲಿ ತರಿಸಿದ್ದು, ನೋಡಲು ಮದುವೆಯ ಆಲ್ಬಮ್ಮಿನ ಹಾಗಿತ್ತು. ಅಪ್ಪ ಪರೀಕ್ಷೆಗೆ ಪ್ರಶ್ನೆ ಕೊಟ್ಟರು: "ಕಾರ್ಬುರೇಟರ್ ಬಿಚ್ಚೋದು ಹೇಗೆ, ಓದು." ನಾನು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಒಂದನೇ ಭಾಗ ಸಡಿಲಿಸಿ, ಚಿತ್ರ ನೋಡಿ. ಎರಡನೇ ಭಾಗ ಹೊರತೆಗೆಯಿರಿ, ಚಿತ್ರ ನೋಡಿ. "ಚಿತ್ರ ನೋಡೋ ಹಾಗಿದ್ರೆ ನಿನ್ನನ್ನ್ಯಾಕೆ ಕೇಳ್ತಿದ್ದೆ?" ಅಂದರು. ಫೇಲು.

ಬೈಕ್ ಪ್ರಿಯರ ಸಂಘವೊಂದು ಮಾಡಿಸಿದ್ದ ಜೆರಾಕ್ಸ್ ಪುಸ್ತಕ ಎರಡನೆಯದು. ಅದರಲ್ಲಿ ಮಾತು ಧಾರಾಳ, ಆದರೆ ಬರೆದವರೆಲ್ಲ ಪಂಡಿತರು. ಒಂದು ಬೋಲ್ಟು ಬಿಚ್ಚುವ ಮುಂಚೆ ಇನ್ನೊಬ್ಬರ ಅಭಿಪ್ರಾಯವನ್ನು ಖಂಡಿಸುತ್ತಿದ್ದರು. ಅಪ್ಪ ಆಕಳಿಸಿದರು. ನಮ್ಮನೆಯವರು ಫೋನಿನಲ್ಲಿ ವಿಡಿಯೋ ಹಾಕಿದರು. ಅದರಲ್ಲಿ "ಇದನ್ನ ಹೀಗೆ, ಇಲ್ಲಿ ಹೀಗೆ" ಎನ್ನುವುದು ಬಿಟ್ಟರೆ ಬರೀ ಮ್ಯೂಸಿಕ್ಕು. ಅಪ್ಪ ಕುರ್ಚಿಗೆ ಒರಗಿ, "ಬಿಡಮ್ಮ, ಆಗೋ ಕೆಲ್ಸ ಅಲ್ಲ" ಅಂದರು.

ನನಗೆ ಹಟ ಬಂತು. ವಿಜಯನಗರದ ಹಳೇ ಪುಸ್ತಕದ ಅಂಗಡಿಯಲ್ಲಿ ಗೈಡುಗಳ ರಾಶಿಯ ಅಡಿಯಿಂದ ಒಂದು ಕನ್ನಡ ಪುಸ್ತಕ ಎಳೆದೆ. ತಾಂತ್ರಿಕ ತರಬೇತಿಯ ವಿದ್ಯಾರ್ಥಿಗಳಿಗೆಂದು ಯಾವುದೋ ಕಾಲದಲ್ಲಿ ಬರೆದದ್ದು. ರಟ್ಟು ಕಿತ್ತಿತ್ತು. ನಮ್ಮ ಬೈಕಿಗೇ ಒಂದು ಭಾಗ ಮೀಸಲಿತ್ತು. ಪುಟ ತಿರುವಿದರೆ ಒಂದೇ ಒಂದು ಚಿತ್ರವಿಲ್ಲ. ಪ್ರಕಾಶಕರು ಕೈ ಬಿಗಿ ಮಾಡಿದ್ದರೇನೋ, ಪಾಪ ಬರೆದವರು ಎಲ್ಲವನ್ನೂ ಮಾತಿನಲ್ಲೇ ತೋರಿಸಬೇಕಾಗಿತ್ತು.

ವರಾಂಡದಲ್ಲಿ ನಿಂತು, ತರಗತಿಯಲ್ಲಿ ಪಾಠ ಮಾಡುವ ದನಿಯಲ್ಲೇ ಓದಿದೆ: "ಮೊದಲು ಪೆಟ್ರೋಲಿನ ನಲ್ಲಿಯನ್ನು ಮುಚ್ಚಿರಿ. ತರುವಾಯ ಕೊಳವೆಯ ತುದಿಯನ್ನು ಬೆರಳುಗಳಿಂದ ಹುಡುಕಿಕೊಂಡು, ಮೃದುವಾಗಿ ತಿರುವುತ್ತ ಹೊರಗೆಳೆಯಿರಿ. ಬಲಪ್ರಯೋಗ ಸಲ್ಲದು."

ಅಪ್ಪ ನೆಟ್ಟಗೆ ಕೂತರು. "ಇನ್ನೊಂದ್ಸಲ ಓದು." ಓದಿದೆ. ಬೆರಳುಗಳು ಗಾಳಿಯಲ್ಲೇ ಏನನ್ನೋ ತಿರುವಿದವು. "ಇವ್ರು ನೋಡಮ್ಮ ಕೈಯಿಂದ ಕೆಲ್ಸ ಮಾಡಿದೋರು. ಎಷ್ಟು ಮರ್ಯಾದೆಯಾಗಿ ಹೇಳ್ತಾರೆ," ಅಂದರು. ಪುಸ್ತಕ ಪಾಸಾಯಿತು.

ಮಾರನೆಯ ಸಂಜೆಯಿಂದ ಕೆಲಸ ಶುರು. ನಾನು ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂರುವುದು, ಅಪ್ಪ ಬೈಕಿನ ಪಕ್ಕ ಮಣೆಯ ಮೇಲೆ. "ಸಡಿಲಿಸಿರಿ" ಎಂದು ಓದಿದರೆ "ಆಯ್ತು ಸ್ವಾಮಿ" ಅನ್ನುತ್ತಿದ್ದರು, ನನಗಲ್ಲ, ಬರೆದವರಿಗೆ. ಬಿಚ್ಚಿದ ಚೂರುಪಾರುಗಳನ್ನು ಇಡಲು ಅವರೇ ಒಂದು ಉಪಾಯ ಕಂಡುಹಿಡಿದರು: ಅಡುಗೆಮನೆಯ ಇಡ್ಲಿ ತಟ್ಟೆ. ಒಂದೊಂದು ಗುಳಿಯಲ್ಲಿ ಒಂದೊಂದು ಭಾಗ, ಬೆರಳಾಡಿಸಿದರೆ ಯಾವುದು ಎಲ್ಲಿದೆ ಎಂದು ತಿಳಿಯುತ್ತಿತ್ತು. ಅಮ್ಮ ನೋಡಿದವಳೇ ಹಣೆ ಚಚ್ಚಿಕೊಂಡಳು. "ಇನ್ಮೇಲೆ ಪೆಟ್ರೋಲ್ ಇಡ್ಲಿ ತಿನ್ನಿ ಎಲ್ರೂ!" ಆದರೂ ಸೊಪ್ಪು ಬಿಡಿಸುವ ನೆಪದಲ್ಲಿ ಬಾಗಿಲಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೆ ನಾನು ಒಂದು ಸಾಲು ಹಾರಿಸಿದಾಗ, "ವಾಷರ್ ತೆಗೆದ್ರಾ? ನಿನ್ನೆ ಓದ್ವಾಗ ಮೊದ್ಲು ವಾಷರ್ ಅಂತಿತ್ತು," ಎಂದು ಬಾಗಿಲಿನಿಂದ ದನಿ ಬಂತು. ಅಪ್ಪ ನಕ್ಕರು.

ಇಷ್ಟೆಲ್ಲ ಸರಿಯಾಗಿ ನಡೆಯುತ್ತಿರುವಾಗ ನವರಾತ್ರಿ ಬಂತು. ಸರಸ್ವತಿ ಪೂಜೆಯ ದಿನ ನಾನು ಶಾಲೆಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಅಮ್ಮ ಮನೆಯ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಪೇರಿಸಿ, ಅರಿಶಿನ ಕುಂಕುಮ ಹಚ್ಚಿ, ಹೂವೇರಿಸಿ ಪೂಜೆ ಮಾಡಿಬಿಟ್ಟಿದ್ದಳು. ಎಲ್ಲಕ್ಕಿಂತ ಮೇಲೆ ರಿಪೇರಿ ಪುಸ್ತಕ. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ತೆರೆಯುವಂತಿಲ್ಲ. ಅತ್ತ ಇಡ್ಲಿ ತಟ್ಟೆಯಲ್ಲಿ ಕಾರ್ಬುರೇಟರ್ ಚೂರುಚೂರಾಗಿ ಕೂತಿದೆ, ದಸರಾ ಮುಗಿದ ಮಾರನೆಯ ದಿನವೇ ರಾಜರಾಜೇಶ್ವರಿನಗರದವರು ಬರುವವರು.

"ಅಮ್ಮಾ, ಅದ್ನ್ಯಾಕೆ ಇಟ್ಟೆ?"

"ಪುಸ್ತಕ ಅಂದ್ಮೇಲೆ ಪುಸ್ತಕ. ನಿಮ್ಮಪ್ಪ ದಿನಾ ಕೇಳೋದು ಅದೊಂದೇ. ಅದನ್ನ ಬಿಟ್ಟು ಏನನ್ನ ಇಡ್ಲಿ?"

ಆಯುಧ ಪೂಜೆಗೆ ಸ್ಪ್ಯಾನರುಗಳೂ ದೇವರ ಮುಂದೆ ಹೋದವು. ಇಡ್ಲಿ ತಟ್ಟೆಗೂ ಒಂದು ಕುಂಕುಮದ ಬೊಟ್ಟು ಬಿತ್ತು. ಕೈಗೆ ಕೆಲಸವಿಲ್ಲದೆ ಅಪ್ಪ ಮತ್ತೆ ಆ ಕುರ್ಚಿ ಸೇರಿ ಮೌನವಾಗುತ್ತಾರೆ ಎಂದು ನಾನು ಹೆದರಿದ್ದೆ. ಎಲ್ಲಿಯ ಮೌನ! ಬೆಳಿಗ್ಗೆಯಿಂದ ಸಂಜೆಯವರೆಗೆ ಗೊಣಗಾಟ. "ಸರಸ್ವತಿಗ್ಯಾಕೆ ಬೇಕು ಕಣೇ ಕಾರ್ಬುರೇಟರು? ಒಂದೇ ಒಂದು ಪುಟ ಓದೋಕೆ ಬಿಟ್ರೆ ಆಕೆಗೇನು ಕೋಪ ಬರುತ್ತಾ?" ಕೋಸಂಬರಿಗೆ ಉಪ್ಪು ಸಾಲದೆಂದರು, ಪಕ್ಕದ ಮನೆಯವರು ಕಾರು ತೊಳೆದ ನೀರು ನಮ್ಮ ಗೇಟಿಗೆ ಬಂತೆಂದು ರೇಗಿದರು. ಅಮ್ಮನೂ ಬಿಡಲಿಲ್ಲ, ಮಾತಿಗೆ ಮಾತು. ನಾನು ಮಹಡಿಯ ಮೆಟ್ಟಿಲಲ್ಲಿ ನಿಂತು ಆ ಜಗಳ ಕೇಳಿ ಖುಷಿಯಿಂದ ಅತ್ತುಬಿಟ್ಟೆ.

ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿ ಮುಗಿಸಿ ಅಮ್ಮ ಪುಸ್ತಕಗಳನ್ನು ಇಳಿಸಿದಳು. ಆ ದಿನ ಎಲ್ಲರೂ ಯಾವುದಾದರೂ ಪುಸ್ತಕದ ನಾಲ್ಕು ಸಾಲನ್ನಾದರೂ ಓದಲೇಬೇಕು, ನಮ್ಮ ಮನೆಯ ಪದ್ಧತಿ. ಅಮ್ಮ ಯಾವಾಗಲೂ ಸ್ತೋತ್ರದ ಪುಸ್ತಕ ತೆಗೆಯುವವಳು. ಈ ಸಲ ಕನ್ನಡಕ ಏರಿಸಿ, ಹೂವಿನ ಎಸಳು ಸರಿಸಿ, ರಿಪೇರಿ ಪುಸ್ತಕ ಬಿಚ್ಚಿದಳು. "ಶುಚಿಗೊಳಿಸಿದ ಭಾಗಗಳನ್ನು ಬಿಚ್ಚಿದ್ದಕ್ಕೆ ವಿರುದ್ಧ ಕ್ರಮದಲ್ಲಿ ಜೋಡಿಸತಕ್ಕದ್ದು," ಎಂದು ದೇವರ ಮುಂದೆ ರಾಗವಾಗಿ ಓದಿದಳು. ಅಪ್ಪ ಎದ್ದು ನಿಂತರು. "ಹೊರಗ್ ಬಾ. ಅಲ್ಲಿ ಬಂದು ಓದು."

ಅವಳೇ ಓದಿದಳು, ಅವರೇ ಜೋಡಿಸಿದರು. ನನ್ನ ಅಗತ್ಯವೇ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಮ್ಮನೆಯವರು ಪೆಟ್ರೋಲ್ ತಂದು ಹಾಕಿದರು. ಅಪ್ಪ ಕಾಲಿನಿಂದ ಲಿವರ್ ಹುಡುಕಿಕೊಂಡು ಒದ್ದರು. ಏನೂ ಇಲ್ಲ. ಮತ್ತೆ ಒದ್ದರು, ಕೆಮ್ಮಿತು. ಮಂಡಿ ನೀವಿಕೊಂಡು ಇನ್ನೊಮ್ಮೆ ಒದ್ದಾಗ ಕಾಂಪೌಂಡೆಲ್ಲ ಬಿಳಿ ಹೊಗೆ ಮಾಡಿಕೊಂಡು ಶುರುವಾಯಿತು. ನಾನು ಚಿಕ್ಕವಳಿದ್ದಾಗ ಬೀದಿಯ ತುದಿಯಿಂದಲೇ ಗುರುತಿಸುತ್ತಿದ್ದ ಅದೇ ಸದ್ದು, ಚೂರೂ ತಪ್ಪಿಲ್ಲ.

ಅಪ್ಪ ತಲೆ ಓರೆ ಮಾಡಿ ಬಹಳ ಹೊತ್ತು ಕೇಳಿದರು. ಆಮೇಲೆ ಕೀ ತಿರುಗಿಸಿ ಆರಿಸಿದರು.

"ಸೌಂಡು ಸರಿಯಿಲ್ಲ," ಅಂದರು.

"ಇಲ್ಲ ಮಾವ, ಪಕ್ಕಾ ಇದೆಯಲ್ಲ—" ಎಂದು ನಮ್ಮನೆಯವರು ಬಾಯಿ ತೆರೆದರು.

"ನೀವು ಸುಮ್ನಿರಿ," ಎಂದಳು ಅಮ್ಮ. "ಒಳ್ಗಡೆ ಟಕಟಕ ಅಂತಿದೆ. ನಂಗೂ ಕೇಳಿಸ್ತು."

ಅಪ್ಪ ನಾನಿದ್ದ ಕಡೆ ಮುಖ ತಿರುಗಿಸಿದರು. "ಅವ್ರಿಗೊಂದು ಫೋನ್ ಮಾಡಮ್ಮ. ನಾಳೆ ಬರ್ಬೇಡಿ, ಗಾಡಿ ಇನ್ನೂ ರಿಪೇರಿಲಿದೆ ಅನ್ನು."

"ಯಾವಾಗ ಮುಗಿಯುತ್ತೆ ಅಂತ ಕೇಳಿದ್ರೆ?"

"ಪುಸ್ತಕ ದಪ್ಪ ಇದೆ ಅನ್ನು."

ನಾನು ಫೋನ್ ತರಲು ಒಳಗೆ ಹೋದೆ. ಅಮ್ಮ ಆಗಲೇ ಮೆಟ್ಟಿಲ ಮೇಲೆ ಕೂತು ಬೆರಳಿಗೆ ಎಂಜಲು ಹಚ್ಚಿ ಕ್ಲಚ್ಚಿನ ಅಧ್ಯಾಯ ಹುಡುಕುತ್ತಿದ್ದಳು.