ಅಂದಾನೆಪ್ಪ ಹಿಡಿದಿಟ್ಟ ದನಿ

ಮೈಕ್‌ಸೆಟ್ ಅಂದಾನೆಪ್ಪ ಕಾಕಾನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅದರ ಎರಡರಷ್ಟು ಸಿಟ್ಟು ನನ್ನ ಮೇಲೆಯೇ ಇದೆ.

ಬೈಲಹೊಂಗಲದಿಂದ ಸಂಗೊಳ್ಳಿವರೆಗೆ ಯಾರ ಮನೆಯ ಮದುವೆಯಾದರೂ ಅವರದೇ ಮೈಕು, ಅವರದೇ ಹಾರ್ನು. ಮೂವತ್ತು ವರ್ಷ ಊರವರ ದನಿಯನ್ನೆಲ್ಲ ದೊಡ್ಡದು ಮಾಡಿದ ಮನುಷ್ಯ, ಸ್ವಂತ ಹೆಂಡತಿಯ ದನಿಯನ್ನು ಒಮ್ಮೆಯೂ ಹಿಡಿದಿಟ್ಟಿರಲಿಲ್ಲ. ಸಿದ್ದಲಿಂಗವ್ವ ಕಾಕಿಯ ಜೋಗುಳ ಕೇಳಲೆಂದೇ ಓಣಿಯ ಹೆಂಗಸರು ತೊಟ್ಟಿಲ ಕಾರ್ಯಕ್ಕೆ ಅವರನ್ನು ಕೈಹಿಡಿದು ಕರೆದೊಯ್ಯುತ್ತಿದ್ದರು.

೨೦೦೪ರಲ್ಲಿ ಕಾಕಿಗೆ ಗಂಟಲಿನ ಕ್ಯಾನ್ಸರ್ ಎಂದು ತಿಳಿಯಿತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಬೆಳಗಾವಿಯ ಡಾಕ್ಟರು. ಮಗಳು ರೇಣು ಆಗ ಆರು ತಿಂಗಳ ಬಸುರಿ, ಚೊಚ್ಚಲು. ಆಪರೇಷನ್ನಿಗೆ ಎರಡು ದಿನವಿರುವಾಗ ಕಾಕಾ ನನ್ನ ಕಂಪ್ಯೂಟರ್ ಕ್ಲಾಸಿಗೆ ಬಂದು ನಿಂತರು.

"ಕಲ್ಮೇಶ ಸರ, ನಿಮ್ಮ ಹಳೀ ಕಂಪ್ಯೂಟರ್ ಕೊಡ್ರಿ. ಅಕಿ ಜೋಗುಳ ತುಂಬಿಸಿ ಇಡಬೇಕು. ಮೊಮ್ಮಗ ಬಂದಾಗ ಅಜ್ಜಿ ದನೀನ ಇರೂದಿಲ್ಲಲ್ರಿ."

ಮರುದಿನ ಮುಂಜಾನೆ ಅವರ ಮನೆಗೆ ಹೋಗಿ ಎಲ್ಲ ಜೋಡಿಸಿದೆ. ಮೈಕಿನ ದನಿ ಏರಿಳಿಸುವ ಮಿಕ್ಸರಿನ ಔಟ್‌ನಿಂದ ವೈರ್ ಎಳೆದು ಕಂಪ್ಯೂಟರಿನ ಹಿಂದಿನ ನೀಲಿ ತೂತಿಗೆ ಚುಚ್ಚಿದೆ. ಪಕ್ಕದ ಗುಲಾಬಿ ತೂತು ಬರೀ ಮೈಕಿಗೆ, ಮಿಕ್ಸರಿನದನ್ನು ಅದಕ್ಕೆ ಕೊಟ್ಟರೆ ದನಿ ಒಡೆಯುತ್ತದೆ ಎಂದೂ ಹೇಳಿದೆ. ಕಾಕಾ ತಲೆಯಾಡಿಸಿ, ಹೆಡ್‌ಫೋನನ್ನು ಮಿಕ್ಸರಿಗೇ ಚುಚ್ಚಿಕೊಂಡು ಕಿವಿಗೆ ಹಾಕಿಕೊಂಡರು. ರೆಕಾರ್ಡಿಂಗ್ ಶುರು ಮಾಡಿದೆ. ಅವರು ಮೈಕಿನ ಮುಂದೆ ಬಾಗಿ, ಮದುವೆ ಹಂದರದಲ್ಲಿ ನಿಂತವರಂತೆ ಹಲೋ ಹಲೋ ಎಂದು ಕೂಗತೊಡಗಿದರು. ಕಾಕಿ ನಕ್ಕು ನಡುವೆಯೇ ಏನೋ ಅಂದರು. ಪರದೆಯ ಮೇಲೆ ಹಸಿರು ಗೆರೆ ಚೆನ್ನಾಗಿ ಕುಣಿಯಿತು. ನನಗೆ ಹತ್ತು ಗಂಟೆಯ ಬ್ಯಾಚ್ ಇತ್ತು. ಹಾಡು ಮುಗಿದ ಮೇಲೆ ಒತ್ತುವ ಗುಂಡಿ ತೋರಿಸಿ ಹೊರಟೆ.

ಸಂಜೆ ಹೋಗಿ ಅದನ್ನು ಸೇವ್ ಮಾಡಿದೆ. ನಲವತ್ತು ನಿಮಿಷವಿತ್ತು. ಸ್ವಲ್ಪ ಹಚ್ಚಿ ಕೇಳೋಣ ಎಂದೆ. ಕಾಕಾ ನನ್ನ ಕೈಯನ್ನೇ ಹಿಡಿದರು.

"ಬ್ಯಾಡ್ರಿ ಸರ, ಹಚ್ಚಿದಂಗ ಹಚ್ಚಿದಂಗ ಸವೀತೈತಿ. ಮೊದಲ ಕೂಸು ಕೇಳ್ಲಿ."

ಸಾವಿರಾರು ಕ್ಯಾಸೆಟ್ಟುಗಳ ದನಿ ಸವೆದು ತೆಳ್ಳಗಾದದ್ದನ್ನು ಕಂಡ ಜೀವ ಅದು. ಕಂಪ್ಯೂಟರಿನಲ್ಲಿ ಸವೆಯುವುದಿಲ್ಲ ಕಾಕಾ ಎಂದು ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ. ಹೇಳಬೇಕಿತ್ತು, ಜಗಳವಾಡಿಯಾದರೂ ಕೇಳಬೇಕಿತ್ತು. ಅವತ್ತಿನ್ನೂ ಕಾಕಿಗೆ ದನಿ ಇತ್ತು.

ರೇಣು ಹೆಣ್ಣು ಹೆತ್ತಳು. ತೊಟ್ಟಿಲ ಕಾರ್ಯದ ದಿನ ಕೋಣೆ ತುಂಬ ಹೆಂಗಸರು. ಕಾಕಾ ದೊಡ್ಡ ಸ್ಪೀಕರ್ ತಂದಿಟ್ಟಿದ್ದರು. ಕಾಕಿ ಕೊರಳಿಗೆ ಬಿಳಿ ಅರಿವೆ ಸುತ್ತಿಕೊಂಡು ತೊಟ್ಟಿಲ ಹಗ್ಗ ಹಿಡಿದು ಕೂತಿದ್ದರು. ನಾನು ಫೈಲ್ ತೆರೆದೆ.

"ಹಲೋ, ಹಲೋ, ಮೈಕ್ ಟೆಸ್ಟಿಂಗ್..." ಎಲ್ಲರೂ ನಕ್ಕರು. ಆ ಹಲೋಗಳ ನಡುವೆಯೇ ಕಾಕಿಯ ದನಿ: "ಸಾಕ ಬಿಡ್ರಿ, ಊರಿಗೆಲ್ಲಾ ಕೇಳಸಬೇಕೇನು? ನಮ್ಮ ಕೂಸಿಗೆ ಕೇಳಿದ್ರ ಸಾಕ." ರೇಣು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕಿವಿ ಕಿತ್ತುಹೋಗುವಂಥ ಒಂದು ಸೀಟಿ. ಆಮೇಲೆ ಏನೂ ಇಲ್ಲ.

ಸೀಟಿ ಕೇಳಿದ್ದೇ ಕಾಕಾನ ಮುಖ ಬಿಳಿಚಿತು. ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ನಾನು ಹೋದ ಮೇಲೆ, ಕಾಕಿಗೂ ಕೇಳಲೆಂದು ಅವರು ಕಂಪ್ಯೂಟರಿನ ಸ್ಪೀಕರ್ ಜೋರು ಮಾಡಿದ್ದರು. ಆ ದನಿ ಮತ್ತೆ ಮೈಕಿಗೇ ಹೊಕ್ಕು ಸೀಟಿ ಹೊಡೆದಿತ್ತು. ಮೂವತ್ತು ವರ್ಷದ ರೂಢಿ, ಕೈ ತಾನಾಗಿ ಮಿಕ್ಸರಿನಿಂದ ಹೊರಹೋಗುವ ದನಿಯ ಮಾಸ್ಟರ್ ಗುಂಡಿಗೆ ಹೋಗಿ ಅದನ್ನು ಪೂರ್ತಿ ಇಳಿಸಿತ್ತು. ಹೆಡ್‌ಫೋನಿನ ಗುಂಡಿ ಬೇರೆ. ಅದರಲ್ಲಿ ಕಾಕಿಯ ಹಾಡು ಸ್ವಚ್ಛ ಕೇಳುತ್ತಲೇ ಇತ್ತು, ಕಂಪ್ಯೂಟರಿಗೆ ಮಾತ್ರ ಒಂದಕ್ಷರವೂ ಹೋಗಲಿಲ್ಲ. ಮೈಕಿನವರು ಹಾಡುವವರ ಬಾಯಿ ನೋಡುತ್ತಾರೆ, ಪರದೆ ನೋಡುವುದಿಲ್ಲ.

ನಿಲ್ಲಿಸಲು ಹೋದೆ. "ಇರ್ರಿ ಸರ, ಮುಂದ ಬರತೈತಿ," ಎಂದರು. ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಆದರೂ ಕೂತರು. ಹೆಂಗಸರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಕೊನೆಗೆ ಕಾಕಿ ಗಂಡನ ಮೊಣಕೈ ಮುಟ್ಟಿ ತುಟಿ ಆಡಿಸಿದರು. ನಮಗ್ಯಾರಿಗೂ ತಿಳಿಯಲಿಲ್ಲ, ಕಾಕಾನಿಗೆ ತಿಳಿಯಿತು. ಕಣ್ಣೊರೆಸಿಕೊಂಡು ಎದ್ದರು.

"ಮಂದೀನ ಊಟಕ್ಕ ಎಬ್ಬಸ್ರಿ ಅನಾಕತ್ತಾಳ," ಎಂದರು.

ವಾರದ ನಂತರ ಮತ್ತೆ ಕ್ಲಾಸಿಗೆ ಬಂದರು. ಕುರ್ಚಿ ಕೊಟ್ಟರೂ ಕೂಡಲಿಲ್ಲ.

"ಅದರಾಗಿಂದ ನನ್ನ ಹಲೋ ಅಷ್ಟ ತಗದಬಿಡ್ರಿ ಸರ. ಅಕಿ ಮಾತು ಒಂದ ಇರ್ಲಿ. ಕೂಸಿಗೆ ಅದನ್ನರ ಕೇಳಸ್ತೇನಿ."

ಒಂದು ಸಂಜೆಯೆಲ್ಲ ಒದ್ದಾಡಿದೆ. ಒಂದೇ ಮೈಕಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿದ್ದರು. ಕಾಕಾನ ದನಿ ಕತ್ತರಿಸಿದರೆ ಕಾಕಿಯದೂ ಹೋಗುತ್ತಿತ್ತು. ಆಗುವುದಿಲ್ಲ ಕಾಕಾ ಎಂದೆ. ಅವರು ಬಾಗಿಲವರೆಗೆ ಹೋಗಿ ತಿರುಗಿದರು.

"ಅಕಿ ಮಾತಾಡೂವಾಗ ನಾ ಸುಮ್ನಿರಬೇಕಿತ್ತು," ಎಂದರು.